ನೀರು ಯಾರ ಹೆಸರಿಗೆ

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಯಳಂದೂರಿನಿಂದ ನಸುಕಿಗೇ ಹೊರಟ ಮೂವರು ಹೆಂಗಸರು ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹನೂರು ದಾಟುವ ಹೊತ್ತಿಗೆ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡಿದ್ದರು. ಹೋಗಬೇಕಾಗಿದ್ದುದು ಕೌದಳ್ಳಿಯ ಹತ್ತಿರದ ಒಂದು ಪುಟ್ಟ ಕ್ರೈಸ್ತ ಸಭೆಗೆ. ವರ್ಷಕ್ಕೊಮ್ಮೆ ಬರುವ ಸಭಾಪಾಲಕರು, ಎಲ್ಲರ ಬಾಯಲ್ಲಿ ಅಯ್ಯನವರು, ಆ ಮಧ್ಯಾಹ್ನ ಅಲ್ಲಿ ದೀಕ್ಷಾಸ್ನಾನ ಕೊಡುವವರಿದ್ದರು.

ಮೂವರಲ್ಲಿ ಜ್ಞಾನಮ್ಮ ಮಿಶನ್ ಶಾಲೆಯ ಟೀಚರು, ಹುಟ್ಟಿನಿಂದಲೇ ಕ್ರೈಸ್ತಳು. ರಾಚಮ್ಮ, ಪುಟ್ಟಮಲ್ಲಮ್ಮ ಇಬ್ಬರೂ ಒಂದೇ ಕೇರಿಯವರು. ಕೂಲಿ ಮುಗಿಸಿ ಬಂದು ಜ್ಞಾನಮ್ಮನ ಜಗುಲಿಯಲ್ಲಿ ಕೂತು ಪ್ರಾರ್ಥನೆ ಕಲಿತವರು. ಕಲಿಯುತ್ತ ಕಲಿಯುತ್ತ ಮೂವರೂ ಗೆಳತಿಯರಾಗಿಬಿಟ್ಟಿದ್ದರು. ದೀಕ್ಷೆಯ ನೀರು ಹಾಕಿಸಿಕೊಳ್ಳುವಾಗ ಹೊಸ ಹೆಸರು ಇಡುವುದು ಪದ್ಧತಿ. ರಾಚಮ್ಮನಿಗೆ ಶಾಂತಮ್ಮ ಎಂದು ನಿಶ್ಚಯವಾಗಿತ್ತು. ಪುಟ್ಟಮಲ್ಲಮ್ಮನಿಗೆ ಸಭಾಪಾಲಕರು ಗ್ರೇಸ್ ಎಂಬ ಹೆಸರು ಆರಿಸಿದ್ದರು. ತಕರಾರು ಇದ್ದುದು ಅಲ್ಲೇ.

"ಗಿರೀಸಾ? ಗಾಲಿಗೆ ಬಳೀತಾರಲ್ಲ, ಅದಾ?" ಎಂದಳು ಪುಟ್ಟಮಲ್ಲಮ್ಮ.

"ಗ್ರೇಸ್ ಕಣೇ. ದೇವರ ಕೃಪೆ ಅಂತ."

"ಅದು ನಮ್ ಕೇರೀಲಿ ಯಾರ್ಗೆ ಗೊತ್ತು ಟೀಚರಮ್ಮ? ಗಿರೀಸು ಬಂದ್ಲು ಕಣ್ರೋ, ಗಾಡಿ ಈಚೆಗೆ ತನ್ರೋ ಅಂತಾರೆ."

ಟಿಕೆಟ್ಟು ಹರಿಯುತ್ತಿದ್ದ ಕಂಡಕ್ಟರು ನಕ್ಕು, ಅವಳು ತನ್ನತ್ತ ನೋಡಿದ್ದೇ ಬಾಯಿ ಮುಚ್ಚಿಕೊಂಡ.

"ನಂಗಂತೂ ಒಸ ಎಸ್ರು ಬೇಕು ಕಣಮ್ಮಿ," ಎಂದಳು ರಾಚಮ್ಮ ಕಿಟಕಿಯ ಕಡೆ ಮುಖ ಮಾಡಿ. "ನನ್ ಗಂಡ ಕುಡ್ಕಂಡು ಬಂದು ಬಾಗ್ಲಲ್ಲಿ ನಿಂತು 'ರಾಚೀ' ಅಂತಿದ್ದ. ಅವ್ನು ಸತ್ರೂವೆ ಆ ಕೂಗು ಸಾಯ್ನಿಲ್ಲ. ಯಾರಾರ ರಾಚೀ ಅಂದ್ರೆ ಈಗ್ಲೂ ಬೆನ್ನು ನಡುಗ್ತದೆ."

ಪುಟ್ಟಮಲ್ಲಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. "ನೀನು ಬುಡು. ಅದು ಬುಡ್ಬೇಕಾದ ಎಸ್ರೇಯ. ನಾನ್ಯಾಕೆ ಬುಡ್ಲಿ?"

ರಾಮಾಪುರಕ್ಕೆ ಮೊದಲು ಏರಿನಲ್ಲಿ ಬಸ್ಸು ನಿಂತೇ ಹೋಯಿತು. ಎಲ್ಲರೂ ಇಳಿದರು. ಕಂಡಕ್ಟರು ಬೆವರು ಸುರಿಸುತ್ತ ಒಲೆಗೆ ಗಾಳಿ ಊದುವ ತಿದಿಯ ಹಿಡಿ ತಿರುಗಿಸಿದ. ಹೊಗೆ ಬಂತೇ ಹೊರತು ಬಸ್ಸು ಕದಲಲಿಲ್ಲ. ಹಿಂದೆ ಬಂದು ತಳ್ಳಿದವರಲ್ಲಿ ಪುಟ್ಟಮಲ್ಲಮ್ಮನೂ ಒಬ್ಬಳು. ಬಸ್ಸು ಗುರುಗುಟ್ಟಿದ ಮೇಲೆ ಕಂಡಕ್ಟರು ತನ್ನ ಚೊಂಬಿನ ನೀರನ್ನು ಅವಳ ಕೈಗೇ ಕೊಟ್ಟ. ಮೇಲಿನಿಂದ ಹೊಯ್ಯಲಿಲ್ಲ, ಯಾರೆಂದು ಕೇಳಲಿಲ್ಲ. ಅವಳು ಕುಡಿದು, ಚೊಂಬನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತು, ರಾಚಮ್ಮನಿಗೆ ಕೊಟ್ಟಳು.

ಮತ್ತೆ ಬಸ್ಸು ಹತ್ತುವ ಮೊದಲು ಜ್ಞಾನಮ್ಮ ಪುಟ್ಟಮಲ್ಲಮ್ಮನನ್ನು ಪಕ್ಕಕ್ಕೆ ಕರೆದಳು. "ನೋಡೇ, ಮುಚ್ಚಿಟ್ಟು ಫಲವಿಲ್ಲ. ಹೆಸರು ಬದಲಿಸದಿದ್ರೆ ಈ ಸಲ ನಿನಗೆ ನೀರು ಹಾಕೋದಿಲ್ಲ ಅಂದಿದಾರೆ ಅಯ್ಯನವರು. ಇನ್ನು ಮುಂದಿನ ವರ್ಷಾನೇ."

ಈ ದಿನಕ್ಕಾಗಿ ಪುಟ್ಟಮಲ್ಲಮ್ಮ ಅಣ್ಣತಮ್ಮಂದಿರ ಕೈಲಿ ಬೈಸಿಕೊಂಡಿದ್ದಳು. ನೀರು ಬೇಕಿತ್ತು, ಬಾಯಾರಿದವರಿಗೆ ಬೇಕಾಗುವ ಹಾಗೆ ಬೇಕಿತ್ತು.

"ಎಸ್ರು ಯೋಳೋರು ನೀವೇ ಅಲ್ವಾ ಟೀಚರಮ್ಮ?"

"ಹೌದು. ಜೊತೆಗೆ ನಿಂತವರು ಗಟ್ಟಿಯಾಗಿ ಹೇಳ್ಬೇಕು. ಆ ಹೆಸರು ಹಿಡಿದೇ ಅಯ್ಯನವರು ನೀರು ಹಾಕೋದು."

"ಅಂಗಾರೆ ನಿಮ್ಮಿಷ್ಟ. ನೀವು ಯಾರ್ನ ಕರೀತೀರೋ ಅವ್ಳು ಬತ್ತಾಳೆ."

ಸಭೆಯ ಮನೆಗೆ ಮಣ್ಣಿನ ಗೋಡೆ, ಹುಲ್ಲಿನ ಮಾಡು, ಒಳಗೆ ತುಂಬ ಜನ. ಕರಿಯ ಕೋಟಿನ ಅಯ್ಯನವರು ಕಂಚಿನ ಬೋಗುಣಿ ಎದುರಿಗಿಟ್ಟುಕೊಂಡು ನಿಂತಿದ್ದರು. ಮೊದಲು ರಾಚಮ್ಮ ಹೋದಳು. ಶಾಂತಮ್ಮ ಎಂದು ಕರೆದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳ ಬೆನ್ನು ನಡುಗಲಿಲ್ಲ ಎಂಬುದನ್ನು ಪುಟ್ಟಮಲ್ಲಮ್ಮ ನೋಡಿದಳು. ಆಮೇಲೆ ತಾನೂ ಮುಂದೆ ಬಂದು ನಿಂತಳು.

"ಈಕೆಯ ಹೆಸರೇನು?" ಎಂದರು ಅಯ್ಯನವರು.

ಜ್ಞಾನಮ್ಮ ಗಟ್ಟಿಯಾಗಿಯೇ ಹೇಳಿದಳು. "ಪುಟ್ಟಮಲ್ಲಮ್ಮ."

ನೀರಿಗೆ ಇಳಿದಿದ್ದ ಕೈ ಹಾಗೇ ನಿಂತಿತು. "ಗ್ರೇಸ್ ಅಲ್ಲವೇ?"

"ಆ ಎಸ್ರಿಗೆ ನೀರಾಕಿದ್ರೆ ಅದು ಅವ್ಳ ಮ್ಯಾಲೆ ಬೀಳ್ತದೆ ಅಯ್ಯಾ, ನನ್ ಮ್ಯಾಲಲ್ಲ," ಎಂದಳು ಪುಟ್ಟಮಲ್ಲಮ್ಮ.

"ಅದು ಅನ್ಯದೇವರ ಹೆಸರು, ತಾಯಿ."

"ಇರ್ಬೌದು. ನಮ್ಮವ್ವ ಇಟ್ಟಿದ್ದು ದೇವ್ರಿಗಲ್ಲ, ನಂಗೆ." ಅವಳ ಧ್ವನಿ ತಗ್ಗಲಿಲ್ಲ. "ನಮ್ ಕೇರಿ ಎಣ್ಮಕ್ಳಿಗೆ ಅಮ್ಮ ಅಂತ ಸೇರ್ಸಂಗಿರ್ನಿಲ್ಲ ಅಯ್ಯಾ. ಪುಟ್ಟಮಲ್ಲಿ ಅನ್ನು, ಸಾಕು ಅಂದ್ರು ದಣಿಗೋಳು. ನಮ್ಮವ್ವ ಗದ್ದೆ ಬದೀಲಿ ನಿಂತ್ಕಂಡು, ಅವ್ರ ಕಿವೀಗೆ ಬೀಳಂಗೆ 'ಪುಟ್ಟಮಲ್ಲಮ್ಮಾ' ಅಂತ ಕೂಗ್ತಿದ್ಲು. ಕೂಲಿ ಬುಡ್ಸುದ್ರು. ಆಮ್ಯಾಕೂ ಕೂಗುದ್ಲು. ದಣಿಗೋಳ ಮುಂದೆ ಬುಡ್ದೇ ಇದ್ದ ಎಸ್ರ ಯೇಸುಸ್ವಾಮಿ ಮುಂದೆ ಬುಡು ಅಂತೀರಲ್ಲ, ಅವ್ರೂ ದಣಿಗೋಳಂಗೇಯ?"

ಮುಂದೆ ಕೂತಿದ್ದ ಸಭೆಯ ಹಿರಿಯ ಎದ್ದು ಕೆಮ್ಮಿದ. "ಇಂಗೆ ಸಡ್ಲ ಬುಟ್ರೆ ನಾಳೆ ಎಲ್ರೂ ಕೇಳ್ತಾರೆ ಅಯ್ಯಾ. ಎಸ್ರು ಬದಲಾಯ್ಸದೆ ಇದ್ರೆ ಎಂಗೆ?"

"ಸುಮ್ಮನಿರಿ ಚಿಕ್ಕಮಾದಪ್ಪ," ಎಂದುಬಿಟ್ಟರು ಅಯ್ಯನವರು.

ಎಂದವರೇ ಬಾಯಿ ಬಿಟ್ಟುಕೊಂಡು ನಿಂತರು. ಈ ಹಿರಿಯನಿಗೆ ತಾವೇ ಸ್ವಂತ ಕೈಯಿಂದ ನೀರು ಹಾಕಿ ಥಿಯೋಡೋರ್ ಎಂದು ಹೆಸರಿಟ್ಟಿದ್ದರು. ಆದರೆ ಬಾಯಿಗೆ ಬಂದದ್ದು ಹಳೆಯದೇ. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಮಾಡೇ ಹಾರಿ ಹೋಗುವಂತೆ ನಗು. ಚಿಕ್ಕಮಾದಪ್ಪ ತಲೆ ಕೆರೆದುಕೊಂಡು ಕೂತುಬಿಟ್ಟ.

ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. "ಅಯ್ಯಾ, ಆ ಇಂಗ್ಲೀಸು ಎಸ್ರು ನಂಗೂ ಬ್ಯಾಡಿ. ಕರುದ್ರೆ ನನ್ ಮೊಮ್ಮಕ್ಳೇ ನಗ್ತವೆ. ನನ್ದು ನಂಗೆ ಕೊಟ್ಬುಡಿ!"

"ಮೊದಲು ಇದು ಮುಗೀಲಿ ಅಜ್ಜಿ," ಎಂದರು ಅಯ್ಯನವರು. ಅವರ ಕಿವಿ ಕೆಂಪಾಗಿತ್ತು, ಧ್ವನಿ ಮಾತ್ರ ಮೆತ್ತಗಾಗಿತ್ತು. ಅವರು ಪುಟ್ಟಮಲ್ಲಮ್ಮನ ಕಡೆ ತಿರುಗಿದರು. "ತಲೆ ಬಾಗಿಸು, ತಾಯಿ."

"ಎಸ್ರು ಯೋಳಿ, ಬಾಗ್ತೀನಿ."

ಜ್ಞಾನಮ್ಮ ಅವಳ ಮೊಣಕೈ ಹಿಡಿದುಕೊಂಡಳು. ತಡೆಯಲಿಕ್ಕಲ್ಲ, ಜೊತೆಗೆ ನಿಲ್ಲಲಿಕ್ಕೆ.

"ಪುಟ್ಟಮಲ್ಲಮ್ಮ," ಎಂದರು ಅಯ್ಯನವರು, ಒಂದಕ್ಷರವನ್ನೂ ನುಂಗದೆ.

ಆಗ ಅವಳು ತಲೆ ಬಾಗಿಸಿದಳು. ತಣ್ಣನೆಯ ನೀರು ಹಣೆಯ ಮೇಲಿಂದ ಇಳಿದು ಮಸಿಯನ್ನೂ ಕರೆದುಕೊಂಡು ಕೊರಳಿಗೆ ಹರಿಯಿತು. ಒರೆಸಿಕೊಳ್ಳದೆ, ಗೋಡೆಯ ಬದಿ ಹಿಡಿಯದೆ, ಚಾಪೆಗಳ ನಡುವೆ ನಡೆದು ಹೋಗಿ ಶಾಂತಮ್ಮನ ಪಕ್ಕ ಕೂತಳು.