ಅಪ್ಪನ ಕಾಗದದ ಕೋಟುಗಳು

"ನಿಮ್ಮ ತಂದೆಗೂ ಹೀಗೇ ಆಗಿತ್ತಾ?" ನರರೋಗದ ವೈದ್ಯೆ ಕೇಳಿದ್ದರು. "ಯಾವ ವಯಸ್ಸಲ್ಲಿ ಶುರುವಾಯ್ತು ಅಂತ ಗೊತ್ತಾದ್ರೆ ಒಳ್ಳೇದು. ವಂಶದಲ್ಲಿ ಬಂದಿದ್ದಾದ್ರೆ ನಿಮ್ಮ ಮಗಳಿಗೂ ಬರಬಹುದು. ಬರದೇನೂ ಇರಬಹುದು. ಅರ್ಧಕ್ಕರ್ಧ."

ದರ್ಜಿ ಅಂಗಡಿಯ ಕಟಿಂಗ್ ಮಾಸ್ತರಿಗೆ ಅರವತ್ತೊಂದು. ಆರು ತಿಂಗಳಿಂದ ನಡೆಯುವಾಗ ಕಾಲು ಅಡ್ಡಾದಿಡ್ಡಿ ಬೀಳುತ್ತಿತ್ತು. ಇರುವವಳು ಒಬ್ಬಳೇ ಮಗಳು, ಮೂವತ್ನಾಲ್ಕರವಳು. ಅವರು ಗೆರೆ ಎಳೆದರೆ ಕತ್ತರಿ ಆಡಿಸುವವಳು ಅವಳೇ.

ಮಾಸ್ತರ ಅಪ್ಪನೂ ಕೊನೆಗಾಲದಲ್ಲಿ ತೂರಾಡುತ್ತಿದ್ದರು. ಹೆಂಡದ ಹನಿ ಮುಟ್ಟದವರು. ಬೀದಿಯವರು ಬಾಟ್ಲಿ ಮಾಸ್ತರ್ ಎಂದು ಹೆಸರಿಟ್ಟಿದ್ದರು. ಅದು ಶುರುವಾದದ್ದು ಯಾವಾಗ ಎಂದು ಹೇಳುವವರು ಈಗ ಯಾರೂ ಇಲ್ಲ. ಕಾಗದಗಳಿದ್ದವು. ಕೋಟು ಹೊಲಿಸುವ ಪ್ರತಿ ಗಿರಾಕಿಗೂ ಕಂದು ಕಾಗದದಲ್ಲಿ ಪೆನ್ಸಿಲ್ ಗೆರೆ ಎಳೆದು, ಕತ್ತರಿಸಿ, ತಾರೀಖು ಬರೆದು ಇಡುವುದು ಅಂಗಡಿಯ ಪದ್ಧತಿ. ತೋಳು ಕೂರುವ ತಿರುವನ್ನು ಮಾತ್ರ ಅಪ್ಪ ಬರಿಗೈಯಲ್ಲೇ ಎಳೆಯುತ್ತಿದ್ದರು. ಮಾಸ್ತರೂ ಅಷ್ಟೇ.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅವರು ಅಪ್ಪನ ಕಟ್ಟು ಬಿಚ್ಚಿದರು. ತಳದ ಕಾಗದಗಳು ಅಪ್ಪನ ಮೂವತ್ತರ ಹರೆಯದವು, ತಿರುವಿನಲ್ಲಿ ಒಂದು ಕೊಂಕಿಲ್ಲ. ಅಪ್ಪನ ಅರವತ್ತನೇ ವಯಸ್ಸಿನ ಕಾಗದದಲ್ಲಿ ಗೆರೆ ನಡುಗಿತ್ತು. ಆಮೇಲಿನವುಗಳಲ್ಲಿ ಅಂಚು ಬಿಟ್ಟು ಒಳಗೊಳಗೇ ಅಲೆದಿತ್ತು.

ಗೆರೆ ಸೊಟ್ಟ. ಕತ್ತರಿಸಿದ ಅಂಚು ಮಾತ್ರ ನುಣುಪು.

ಆಗ ಕತ್ತರಿ ಹಿಡಿಯುತ್ತಿದ್ದವರು ತಾವೇ. ಅಪ್ಪನ ಗೆರೆ ಬಿಟ್ಟು, ಅದು ಇರಬೇಕಾದ ಕಡೆ ಕತ್ತರಿಸುತ್ತಿದ್ದರು. ಅಪ್ಪನಿಗೆ ಒಮ್ಮೆಯೂ ಹೇಳಿರಲಿಲ್ಲ.

ಮಾಸ್ತರು ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೊಳೆಯಲ್ಲಿ ನೇತುಹಾಕಿದ್ದ ತಮ್ಮದೇ ಹೊಸ ಕಾಗದಗಳನ್ನು ಇಳಿಸಿ ಬೆಳಕಿಗೆ ಹಿಡಿದರು. ಅಲ್ಲೂ ಗೆರೆ ಸೊಟ್ಟಗಿತ್ತು, ಅಂಚು ನುಣುಪಾಗಿತ್ತು.

"ಯಾವಾಗಿಂದಮ್ಮಾ?"

ಮಗಳು ಗುಂಡಿ ಹೊಲಿಯುತ್ತಿದ್ದಳು. ತಲೆಯೆತ್ತಲಿಲ್ಲ. "ಹೋದ ವರ್ಷದಿಂದ."

"ಒಂದು ಮಾತು ಹೇಳೋಕೇನಾಗಿತ್ತು?"

"ನೀವು ತಾತಂಗೆ ಹೇಳಿದ್ರಾ?"

"ಆ ಕಟ್ಟು ನೀನೂ…"

"ನಾನೂ ಬಿಚ್ಚಿ ನೋಡಿದೀನಿ ಅಪ್ಪ. ಬಾಟ್ಲಿ ಮಾಸ್ತರ್ ಮೊಮ್ಮಗಳು, ಅಷ್ಟು ಗೊತ್ತಾಗಲ್ವಾ?" ನಗಲು ನೋಡಿದಳು, ಆಗಲಿಲ್ಲ.

"ಹಾಗಾದ್ರೆ ನೀನೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ ನೋಡ್ಬಹುದಲ್ಲಾ."

"ಗೊತ್ತಾಗಿ ಏನ್ ಮಾಡ್ಲಿ? ಔಷಧಿ ಇದ್ಯಾ?"

ಇಲ್ಲವೆಂದು ವೈದ್ಯೆ ಹೇಳಿದ್ದರು.

ಅವಳು ಎದ್ದು ಬಂದಳು. ವೈದ್ಯೆಗೆ ತೋರಿಸಲು ತಾತನ ಕಾಗದ ಎರಡು, ಮಾಸ್ತರದು ಎರಡು ಆರಿಸಿ ಸುತ್ತಿಟ್ಟಳು. ಆಮೇಲೆ ಮೇಜಿನ ಮೇಲೆ ಹೊಸ ಹಾಳೆ ಹಾಸಿ, ಪೆನ್ಸಿಲ್ ಹಿಡಿದು, ತೋಳಿನ ತಿರುವನ್ನು ಒಂದೇ ಉಸಿರಿಗೆ ಎಳೆದಳು. ಕೆಳಗೆ ತಾರೀಖು ಬರೆದಳು.

"ನೋಡಿ ಹೇಳಿ."

ಮಾಸ್ತರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಗೆರೆಯ ಮೇಲೆ ಬೆರಳಾಡಿಸಿದರು. ಒಂದು ಕೊಂಕಿಲ್ಲ.

"ಚೆನ್ನಾಗಿದೆ" ಎಂದರು.

"ಹಾಗಾದ್ರೆ ಕಟ್ಟಿಗೆ ಸೇರ್ಸಿ."

ಅವರು ಹಾಳೆಯನ್ನು ಕಟ್ಟಿನ ತಳಕ್ಕಿಟ್ಟರು. ಅದರ ಮೇಲೆ ಬಂದದ್ದು ತಮ್ಮ ಅಪ್ಪ ಅವಳಷ್ಟೇ ವಯಸ್ಸಿನಲ್ಲಿ, ಮೂವತ್ನಾಲ್ಕರಲ್ಲಿ, ಎಳೆದ ತಿರುವು. ಅದರಲ್ಲೂ ಕೊಂಕಿರಲಿಲ್ಲ.