ಇನ್ನೂರ ಹದಿನಾಲ್ಕನೇ ತಳಿ

ಟಕ್, ಟಕ್, ವಕೀಲರ ಪೆನ್ನು, ಒತ್ತಿದರೆ ಮೂತಿ ಹೊರಗೆ, ಮತ್ತೊಮ್ಮೆ ಒತ್ತಿದರೆ ಒಳಗೆ, ಬರೆದದ್ದು ಒಂದಕ್ಷರವಿಲ್ಲ, ಟಕಟಕ ಮಾತ್ರ ನಿಲ್ಲುವುದಿಲ್ಲ, ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದುಬಿಡಬೇಕು ಅನ್ನಿಸುತ್ತಿದೆ ಅವಳಿಗೆ, ಆದರೆ ವಕೀಲರೇ ಸಂಘದ ಕಾರ್ಯದರ್ಶಿ, ಅಧ್ಯಕ್ಷೆ ಕಾರ್ಯದರ್ಶಿಯ ಪೆನ್ನು ಎಸೆಯುವ ಹಾಗಿಲ್ಲ, ಅಧ್ಯಕ್ಷೆ ಅಂದರೆ ಮೇಜಿನ ತುದಿಯಲ್ಲಿ, ಒಂದು ಕಾಲು ಗಿಡ್ಡವಿರುವ ಈ ಕುರ್ಚಿಯಲ್ಲಿ, ಅಲುಗಾಡದೆ ಕೂತಿರಬೇಕು, ಹತ್ತೊಂಬತ್ತು ವರ್ಷದಿಂದ ಕೂತಿದ್ದಾಳೆ, ಆ ಕಾಲಿನಡಿಗೆ ಒಂದು ರಟ್ಟಿನ ಚೂರು ಮಡಚಿ ಇಡೋಣ ಅಂತ ಒಬ್ಬರಿಗಾದರೂ ಹೊಳೆದಿದೆಯೇ, ಹೊಳೆಯುವುದಿಲ್ಲ, ಇವರಿಗೆ ಹೊಳೆಯುವುದು ವರ್ಷಕ್ಕೊಮ್ಮೆ ಫೋಟೋಕ್ಕೆ ನಿಲ್ಲುವಾಗ ಮುಂದಿನ ಸಾಲು ಎಲ್ಲಿದೆ ಅನ್ನುವುದಷ್ಟೇ. ಏಳು ಜನ, ಏಳು ಮುಖ, ಎಲ್ಲ ಸಾವಿನ ಮನೆಗೆ ಬಂದ ಹಾಗೆ ಜೋಲು ಹಾಕಿಕೊಂಡು — ಸಾವಿನ ಮನೆಯೇ ಇದು, ಸತ್ತದ್ದು ನೊಣ ಅಂತ ಯಾರೂ ಅಳುತ್ತಿಲ್ಲ ಅಷ್ಟೇ. ಕೆಲಸ ಇಲ್ದವರು ನೊಣ ಹೊಡೀತಾರೆ, ನನ್ನ ಹೆಂಡತಿ ನೊಣ ಸಾಕ್ತಾಳೆ, ಅಂತ ಗಂಡ ಬಂದವರಿಗೆಲ್ಲ ಹೇಳಿ ನಗುತ್ತಾನೆ, ನಗಲಿ, ಅವನ ಹಲ್ಲು ಅವನದು, ಹಣ್ಣಿನ ಮೇಲೆ ಕೂರುವ ಈ ಸಾಸಿವೆಕಾಳಿನಷ್ಟು ನೊಣದೊಳಗೆ ಮನುಷ್ಯನ ಅರ್ಧ ಕಾಯಿಲೆಯ ಗುಟ್ಟಿದೆ, ಮುನ್ನೂರು ತಳಿ ಇದೆ ಇಲ್ಲಿ, ಒಂದಕ್ಕೆ ರೆಕ್ಕೆ ಮುರುಟಿದೆ, ಒಂದಕ್ಕೆ ಕಣ್ಣು ಬಿಳಿ, ಒಂದು ನಿದ್ದೆಯನ್ನೇ ಮಾಡುವುದಿಲ್ಲ, ಕೇಳಿದ ಸಂಶೋಧಕರಿಗೆಲ್ಲ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸಿಕೊಡುವುದು ಈ ಸಂಘ, ಸಂಬಳ ಯಾರಿಗೂ ಇಲ್ಲ, ಸ್ವಯಂಸೇವೆ, ಥೂ, ಎಂಥ ಚಂದದ ಮಾತು, ಮನಸ್ಸು ಬಂದಾಗ ಬರುವುದು, ಬೇಸರವಾದಾಗ ಬಿಡುವುದು, ನೊಣಗಳಿಗೆ ಮಾತ್ರ ಮನಸ್ಸು ಬಂದಾಗ ಹಸಿವಾಗುವುದಿಲ್ಲ.

ಮುನ್ನೂರು ಇತ್ತು, ಈಗ ಇನ್ನೂರ ತೊಂಬತ್ತೊಂಬತ್ತು. ಇನ್ನೂರ ಹದಿನಾಲ್ಕನೆಯದು ಹೋಯಿತು. ಹೋಗಬಾರದ್ದು ಹೋಯಿತು, ಮೇಷ್ಟ್ರು ಹನ್ನೊಂದು ವರ್ಷ ಕೂತು ಕಟ್ಟಿದ್ದು, ಆಗ ಅವಳು ಅವರ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ, ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ತಲೆ ಎತ್ತದೆ, ಕೈ ಮಾತ್ರ ಚಾಚುತ್ತಿದ್ದರು, ಮುಂದಿನ ಸೀಸೆ ಆ ಕೈಯಲ್ಲಿ ಇಡುವುದು ಅವಳ ಕೆಲಸ, ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಸೀಸೆ, ತಳದಲ್ಲಿ ಎರಡು ಬೆರಳು ಜೋಳದ ಗಂಜಿ, ಬಾಯಿಗೆ ಹತ್ತಿ. ಒಂದು ದಿನ ಒಂದು ಸೀಸೆ ಅವಳ ಕೈ ಜಾರಿ ಮೇಜಿನ ಮೇಲೆ ಧಪ್ ಎಂದು ಕೂತಿತು, ಒಡೆಯಲಿಲ್ಲ, ಒಳಗಿದ್ದ ನೊಣಗಳೆಲ್ಲ ಒಟ್ಟಿಗೇ ಬಿದ್ದವು, ಕಾಲು ಮೇಲೆ ಮಾಡಿ ಗಡಗಡ ನಡುಗಿದವು, ಅಯ್ಯೋ ಕೊಂದುಬಿಟ್ಟೆ ಸಾರ್ ಅಂದಳು ಅವಳು, ಸುಮ್ನಿರು, ಎಣಿಸು ಅಂದರು ಮೇಷ್ಟ್ರು, ಹತ್ತೊಂಬತ್ತು ಎಣಿಸುವಷ್ಟರಲ್ಲಿ ಒಂದೊಂದಾಗಿ ಎದ್ದು, ಏನೂ ಆಗೇ ಇಲ್ಲ ಎಂಬಂತೆ ಗಾಜು ಹತ್ತಿದವು. ಮೇಷ್ಟ್ರ ಮುಖ ಆವತ್ತು — ಅಂಥ ಮುಖವನ್ನು ಅವಳು ತನ್ನ ಮದುವೆಯಲ್ಲೂ ನೋಡಿಲ್ಲ. ಕಡೆಗಾಲದಲ್ಲಿ ಆಸ್ಪತ್ರೆಯ ಮಂಚದಲ್ಲಿ ಕೇಳಿದ್ದು ಒಂದೇ, ನಡುಗೋ ಹುಡುಗ್ರು ಹೇಗಿದಾರೆ. ಬೇರೆ ಎರಡು ಕಡೆ ಕಳಿಸಿದ್ದು ಅಲ್ಲೆಲ್ಲ ಯಾವತ್ತೋ ಸತ್ತು, ಜಗತ್ತಿನಲ್ಲಿ ಉಳಿದದ್ದು ಇಲ್ಲಿ ಮಾತ್ರ, ಒಂದು ಸೀಸೆ ಈ ಕೋಣೆಯಲ್ಲಿ, ಇನ್ನೊಂದು ಆಚೆ ಕೋಣೆಯಲ್ಲಿ. ಹೋದ ತಿಂಗಳು ಮಕ್ಕಳಾಸ್ಪತ್ರೆಯ ಸಂಶೋಧಕಿ ಬರೆದಿದ್ದಳು, ಸದ್ದು ಕೇಳಿದರೆ ಸೆಟೆದು ಬೀಳುವ ಮಕ್ಕಳ ಒಂದು ಕಾಯಿಲೆ, ಕೂಸುಗಳು, ಬಾಗಿಲು ಬಡಿದರೆ ಬೀಳುತ್ತವೆಯಂತೆ, ನಿಮ್ಮ ಇನ್ನೂರ ಹದಿನಾಲ್ಕರಲ್ಲಿ ಕೆಟ್ಟಿರುವುದೂ ಅದೇ ವಂಶವಾಹಿ ಇರಬಹುದು, ದಯವಿಟ್ಟು ಕಳಿಸಿ. ಕಳಿಸುತ್ತೇನೆ ಅಂತ ಅವಳೇ ಉತ್ತರ ಬರೆದಳು. ಇವತ್ತು ಏನು ಬರೆಯಲಿ, ನಮ್ಮ ಸ್ವಯಂಸೇವಕರು ಸ್ವಲ್ಪ ಬಿಡುವಿಲ್ಲದೆ ಇದ್ದರು ಅಂತ ಬರೆಯಲೇ.

ಮೇಡಂ, ಗುಳಿಗೆ ರಾಜೀನಾಮೆ ಪತ್ರ ಕೊಟ್ಟಿದ್ದಾಳೆ, ಓದ್ಬಿಡ್ಲಾ ಅನ್ನುತ್ತಿದ್ದಾರೆ ವಕೀಲರು. ಓದಿ, ಬೇಡ ಅಂದವರು ಯಾರು, ಗಂಟಲು ಸರಿಮಾಡಿಕೊಳ್ಳುವುದಕ್ಕೇ ಐದು ನಿಮಿಷ ತೆಗೆದುಕೊಳ್ಳುತ್ತಾರೆ ಈ ಮನುಷ್ಯ, ಕೋರ್ಟಿನಲ್ಲಿ ನ್ಯಾಯಾಧೀಶರು ಹೇಗೆ ತಡೆದುಕೊಳ್ಳುತ್ತಾರೋ. ಗುಳಿಗೆ ಅತ್ತ ಕೂತಿದ್ದಾಳೆ, ಔಷಧಿ ಅಂಗಡಿಯವಳು, ಬಂದ ಮೊದಲ ವಾರದಲ್ಲೇ ಎಲ್ಲರೂ ಇಟ್ಟ ಹೆಸರು ಅದು, ಗುಂಡಗೆ, ಪುಟ್ಟಗೆ, ಯಾರ ತಲೆನೋವಿಗೂ ಚೀಲದಲ್ಲಿ ಒಂದು ಗುಳಿಗೆ ಇಟ್ಟುಕೊಂಡೇ ಇರುವವಳು, ಅಂಗಡಿಯ ಬಿಳಿ ಕೋಟನ್ನು ಬಿಚ್ಚದೆ ಹಾಗೇ ಓಡಿ ಬಂದಿದ್ದಾಳೆ, ಕೈ ಮಡಿಲಲ್ಲಿ, ತಲೆ ಬಗ್ಗಿಸಿ, ಬಗ್ಗಿಸಲಿ, ಬಗ್ಗಿಸಬೇಕಾದ್ದೇ. ನಂಬಿದ್ದಳಲ್ಲ ಇವಳನ್ನು, ತನ್ನ ನಂತರ ಈ ಗಿಡ್ಡ ಕಾಲಿನ ಕುರ್ಚಿ ಇವಳಿಗೇ ಅಂತ ಮನಸ್ಸಿನಲ್ಲೇ ಬರೆದಿಟ್ಟಿದ್ದಳಲ್ಲ, ತಂಗಿಯ ಹೊಟ್ಟೆ ಕೊಯ್ಯುತ್ತಾರೆ, ಹೋಗಲೇಬೇಕು ಕಣೇ, ಹದಿನಾರೇ ದಿನ, ದಿನಾ ಒಂದು ಸಲ ಬಂದು ಕಣ್ಣು ಹಾಯಿಸಿದರೆ ಸಾಕು ಅಂದಿದ್ದಕ್ಕೆ, ನೀವು ಹೋಗ್ಬನ್ನಿ ಅಕ್ಕ, ನಾನಿಲ್ವಾ ಅಂದಿದ್ದಳಲ್ಲ. ಇದ್ದಳು, ಹೌದು, ಮಧ್ಯೆ ಎರಡು ದಿನ ಇರಲಿಲ್ಲ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರಂತೆ, ಎಲ್ಲರ ಅತ್ತೆಯೂ ಬೀಳುವುದು ನೊಣ ನೋಡಿಕೊಳ್ಳುವ ಸರದಿ ಬಂದಾಗಲೇ. ವಕೀಲರು ಓದುತ್ತಿದ್ದಾರೆ, ನನ್ನ ಸರದಿಯಲ್ಲಿ ಎರಡು ದಿನ ಗೈರುಹಾಜರಾಗಿದ್ದು, ಅದರಿಂದ ಉಂಟಾದ ನಷ್ಟಕ್ಕೆ ನಾನೊಬ್ಬಳೇ ಹೊಣೆ, ಆದ್ದರಿಂದ ಸದಸ್ಯತ್ವದಿಂದ — ಒಬ್ಬಳೇ ಅಂತೆ, ದೊಡ್ಡ ಮಾತು, ಹೊಣೆ ಹೊತ್ತರೆ ಸತ್ತ ನೊಣ ಎದ್ದು ಬರುತ್ತದೆಯೇ, ಹತ್ತೊಂಬತ್ತಲ್ಲ, ಹತ್ತೊಂಬತ್ತು ಸಾವಿರ ಎಣಿಸಿದರೂ ಈ ಸಲ ಏಳುವುದಿಲ್ಲ. ತಂಗಿಯ ಮನೆಯಿಂದ ಬಂದ ದಿನ, ಚೀಲ ಇನ್ನೂ ಹೆಗಲ ಮೇಲಿದೆ, ಬಾಗಿಲಲ್ಲೇ ಗುಳಿಗೆ, ಅಕ್ಕ ಒಂದು ಕೆಟ್ಟ ಸುದ್ದಿ, ಮುಖ ಬಿಳಿಚಿಕೊಂಡು, ಎರಡೂ ಕೋಣೆಯದ್ದೂ ಹೋಗಿದೆ ಅಕ್ಕ, ಅವಳು ಕಿರುಚಿದಳು, ಏನೇನು ಕಿರುಚಿದಳೋ ಪಕ್ಕದ ಕಟ್ಟಡದವರು ಬಂದು ಇಣುಕಿದರು, ಆಮೇಲೆ ಆ ಮಾತು, ಆ ಸೀಸೆಗಳನ್ನ ತೊಳೆದಿಟ್ಬಿಡ್ಲಾ ಅಕ್ಕ, ನೋಡ್ತಾ ಇದ್ರೆ ನಿಮಗೂ ಸಂಕಟ. ತೊಳೆಯುತ್ತಾಳಂತೆ! ಮುಟ್ಟಿದರೆ ಕೈ ಮುರೀತೀನಿ, ಅದು ಸಾಕ್ಷಿ, ಅಂದಿದ್ದಳು ಅವಳು, ತೊಳೆದುಬಿಟ್ಟರೆ ತಪ್ಪೂ ತೊಳೆದು ಹೋಗುತ್ತದೆ ಅಂದುಕೊಂಡಳೇ ಈ ಮಳ್ಳಿ, ಮೂಗು ಹಿಂಡಿದರೆ ಹಾಲು ಬರುವ ವಯಸ್ಸಲ್ಲ ಇವಳದ್ದು, ನಲವತ್ತರ ಹತ್ತಿರ.

ಆ ಎರಡು ಸೀಸೆ ಇಲ್ಲೇ ಇವೆ, ಅವಳ ಮುಂದೆ, ಹಾಜರಿ ಪುಸ್ತಕದ ಪಕ್ಕ, ಸಾಕ್ಷಿ ಅಂತ ಅವಳೇ ತಂದಿಟ್ಟದ್ದು. ಇದರ ಜೊತೆ ಅದೇ ತಟ್ಟೆಯಲ್ಲಿದ್ದ ಉಳಿದ ಇಪ್ಪತ್ತೊಂಬತ್ತು ತಳಿಗಳೂ ಈ ಸಲ ಸೊರಗಿವೆ ಮೇಡಂ, ಮರಿ ಕಡಿಮೆ, ಅದನ್ನೂ ದಾಖಲೆಗೆ ಬರ್ಕೊಳ್ಳೋಣ್ವಾ ಅನ್ನುತ್ತಾರೆ ವಕೀಲರು, ಬರ್ಕೊಳ್ಳಿ, ಎರಡು ದಿನ ನೋಡದಿದ್ದರೆ ಸೊರಗದೆ ಕೊಬ್ಬುತ್ತವೆಯೇ, ಅಂದುಕೊಳ್ಳುತ್ತ ಒಂದು ಸೀಸೆ ಎತ್ತಿಕೊಂಡಳು, ಕೈಗೆ ಏನಾದರೂ ಬೇಕಿತ್ತು, ಇಲ್ಲದಿದ್ದರೆ ಮೇಜು ಗುದ್ದುತ್ತಿದ್ದಳು, ಕಿಟಕಿಯ ಬೆಳಕಿಗೆ ತಿರುಗಿಸಿದಳು, ತಳದಲ್ಲಿ ನಾಲ್ಕಾರು ಕಪ್ಪು ಚುಕ್ಕೆ, ಸತ್ತವು, ಗಂಜಿ ಹಳದಿ — ಎಷ್ಟು ಹಳದಿ. ಎಷ್ಟು ನುಣುಪು. ಯಾರೂ ನೋಡಿಕೊಳ್ಳದೆ ಸತ್ತ ಸೀಸೆ ಹೀಗಿರುವುದಿಲ್ಲವಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮೊಟ್ಟೆಯೊಡೆದು ಮರಿಹುಳು ಬಂದರೆ ಗಂಜಿಯನ್ನು ಉತ್ತು ಹಾಕುತ್ತದೆ, ಗೆರೆ ಗೆರೆ, ಸುರಂಗ, ಕೆಸರು, ಮರಿ ಬಾರದಿದ್ದರೆ ನಾಲ್ಕೇ ದಿನಕ್ಕೆ ಬೂಷ್ಟು, ಬಿಳಿ ಉಣ್ಣೆ ಕಟ್ಟಿದಂತೆ, ಉತ್ತಿರಬೇಕು, ಇಲ್ಲ ಬೂಷ್ಟು ಹಿಡಿದಿರಬೇಕು, ಎರಡರಲ್ಲಿ ಒಂದು, ಇದರಲ್ಲಿ ಎರಡೂ ಇಲ್ಲ, ಇನ್ನೊಂದು ಸೀಸೆ ಎತ್ತಿದಳು, ಆಚೆ ಕೋಣೆಯದ್ದು, ಅದೂ ನುಣುಪು, ಈಗ ತಾನೇ ಸುರಿದ ಹಾಗೆ. ಬೂಷ್ಟೂ ಬದುಕಲಾರದ ಗಂಜಿ. ಬೂಷ್ಟು ಬಾರದಿರಲಿ ಅಂತ ಹಾಕುವ ದ್ರಾವಣ ಒಂದು ಪಾತ್ರೆಗೆ ಒಂದೇ ಅಳತೆ, ಹೆಚ್ಚಾದರೆ ವಿಷ, ಗಟ್ಟಿ ತಳಿಗಳು ಸೊರಗಿಕೊಂಡು ಬದುಕುತ್ತವೆ, ಬಡಕಲು ತಳಿ ಸಾಯುತ್ತದೆ, ಯಾವ ಗುಳಿಗೆ ದಿನಕ್ಕೆ ಹತ್ತು ಸಲ ಬಂದು ನೋಡಿದರೂ ಸಾಯುತ್ತದೆ. ಈ ಪಾತ್ರೆ ಯಾರು ಕಾಯಿಸಿದ್ದು. ಊರಿಗೆ ಹೊರಡುವ ಹಿಂದಿನ ದಿನ, ಸೌಟು ಕೈಯಲ್ಲಿ, ಗಂಜಿ ಕುದಿಸಿ ಇಳಿಸಿದೆ, ದ್ರಾವಣ ಹಾಕಿದೆ — ಹಾಕಿದಳೇ — ಫೋನು, ತಂಗಿಯ ಗಂಡ, ಅತ್ತಿಗೆ, ಆಪರೇಷನ್ ನಾಳಿದ್ದಲ್ಲ, ನಾಳೆನೇ ಅಂತೆ, ಹಜಾರದಲ್ಲಿ ನಿಂತು ಆ ಬಡಪಾಯಿಯ ಮೇಲೆ ರೇಗಾಡಿದ್ದು, ಮೊದಲೇ ಹೇಳೋಕೇನು ರೋಗ ನಿಮಗೆ, ಸಿಟ್ಟಿನಲ್ಲೇ ವಾಪಸು ಬಂದು, ಅಳತೆಲೋಟ ನೋಡಿದರೆ ಒದ್ದೆ, ತೊಳೆದಿಟ್ಟ ಒದ್ದೆಯೋ, ಸುರಿದ ಒದ್ದೆಯೋ, ಮೂಸಿ ನೋಡಬಹುದಿತ್ತು, ಮೂಸಲಿಲ್ಲ, ಬೈಗುಳ ಇನ್ನೂ ಬಾಯಲ್ಲೇ ಇತ್ತು, ಮತ್ತೊಮ್ಮೆ ತುಂಬಿ ಸುರಿದಳು. ಹೋಗಲಿ, ನೊಣಗಳನ್ನು ಈ ಹೊಸ ಗಂಜಿಯ ಸೀಸೆಗೆ ದಾಟಿಸಿದ ಮೇಲೂ ಹಳೇ ಸೀಸೆಗಳಿದ್ದಿದ್ದರೆ ಅದರಲ್ಲಿ ಮರಿ ಉಳಿದಿರುತ್ತಿತ್ತು, ಹೊಸದರಲ್ಲಿ ಮರಿ ಕಾಣುವ ತನಕ ಹಳೆಯದನ್ನು ಎಸೆಯಬೇಡಿ, ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದವಳು ಅವಳೇ, ಒಬ್ಬರೇ ಎರಡೂ ಕೋಣೆಯದ್ದನ್ನು ಒಂದೇ ದಿನ ಹೊಸ ಸೀಸೆಗೆ ಬದಲಾಯಿಸಕೂಡದು, ಅದೂ ಅವಳದೇ ನಿಯಮ, ಆದರೆ ಈ ಸಂತೆ ಜನರ ಕೈಗೆ ಹಳೆಯದು ಹೊಸದು ಎರಡೂ ಸಿಕ್ಕರೆ ಕಲಸಿ ಕೂತಾರು ಅಂತ, ಯಾರನ್ನೂ ನಂಬದೆ, ಆ ತಟ್ಟೆಯ ಮೂವತ್ತು ತಳಿಯನ್ನೂ ಎರಡೂ ಕೋಣೆಯಲ್ಲಿ ತಾನೇ ಬದಲಾಯಿಸಿ, ಹಳೇ ಸೀಸೆಗಳನ್ನೆಲ್ಲ ತಾನೇ ಕುದಿನೀರಿಗೆ ಹಾಕಿ, ದೀಪ ಆರಿಸಿ, ಬೀಗ ಜಡಿದು — ಇವಳ ಕೈಗೆ ಬೀಗದ ಕೈ ಕೊಡುವಾಗ ಹೇಳಿದ್ದು ಏನು, ಎಲ್ಲಾ ನಾನೇ ಮಾಡಿಟ್ಟಿದೀನಿ, ನೀನು ಕೆಡಿಸದಿದ್ರೆ ಸಾಕು.

ವಕೀಲರು ಪತ್ರವನ್ನು ಅವಳ ಕಡೆ ತಳ್ಳುತ್ತಿದ್ದಾರೆ, ಇಲ್ಲೊಂದು ಸಹಿ ಮೇಡಂ, ಅಂಗೀಕರಿಸಿದೆ ಅಂತ, ಪೆನ್ನು ಕೊಡುತ್ತಾರೆ, ಟಕ್. ಸೀಸೆ ಅವಳ ಕೈಯಲ್ಲೇ ಇದೆ. ತಲೆ ಎತ್ತಿದರೆ ಗುಳಿಗೆ ನೋಡುತ್ತಿದ್ದಾಳೆ, ಅವಳನ್ನಲ್ಲ, ಸೀಸೆಯನ್ನು, ಆಮೇಲೆ ಅವಳನ್ನು, ಆ ದುಂಡು ಮುಖ ಕಾಣಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಅಲ್ಲಾಡುತ್ತದೆ, ಬೇಡ ಅಕ್ಕ. ಗೊತ್ತಿದೆ ಇವಳಿಗೆ. ಹದಿನೈದು ವರ್ಷ ಅಳತೆ ನೋಡಿ ಔಷಧಿ ಕೊಟ್ಟವಳು, ಹನಿ ಹೆಚ್ಚಾದರೆ ಏನಾಗುತ್ತದೆ ಅಂತ ಗೊತ್ತಿಲ್ಲದಿರುತ್ತದೆಯೇ, ಸೀಸೆ ಕಂಡ ದಿನವೇ ಗೊತ್ತು, ತೊಳೆದಿಟ್ಬಿಡ್ಲಾ ಅಕ್ಕ — ತನ್ನ ತಪ್ಪು ತೊಳೆಯುವುದಕ್ಕಲ್ಲ. ಅಯ್ಯೋ, ಎಂಥ ಸೊಕ್ಕು ಇವಳಿಗೆ, ಯಾರು ಕೇಳಿದ್ದರು ಇವಳ ಈ ದೊಡ್ಡಸ್ತಿಕೆಯನ್ನು, ಮುದುಕಿ ಅಂತ ಕನಿಕರವೇ, ಹತ್ತೊಂಬತ್ತು ವರ್ಷ ದುಡಿದವಳು, ಪಾಪ, ಕಡೆಗಾಲದಲ್ಲಿ ತಲೆ ತಗ್ಗಿಸುವುದು ಬೇಡ ಅಂತಲೇ, ಎದ್ದು ಹೋಗಿ ಆ ಕೆನ್ನೆಗೆರಡು ಬಾರಿಸಬೇಕು, ಮೈಯೆಲ್ಲ ಉರಿಯುತ್ತಿದೆ, ಉರಿ ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ, ಗೊತ್ತಾಗುತ್ತಿದೆ, ಗೊತ್ತಾಗುವುದೇ ಬೇಡವಾಗಿತ್ತು, ಒಂದು ಸಹಿ, ಅಷ್ಟೇ, ಇವಳೇ ಬೇಡ ಅನ್ನುತ್ತಿದ್ದಾಳೆ, ಮೇಷ್ಟ್ರು ಕೈ ಚಾಚಿಕೊಂಡು ಕೂತಿದ್ದಾರೆ, ತಲೆ ಎತ್ತದೆ, ಮುಂದಿನ ಸೀಸೆಗೆ. ಎರಡು ಸಲ ಹಾಕಿದೆ ನಾನು, ಅಂದಳು. ಯಾರ ದನಿ ಇದು, ಇಷ್ಟು ಒರಟು. ಏನನ್ನ ಮೇಡಂ ಅಂದರು ವಕೀಲರು. ಅವಳು ಸೀಸೆಯನ್ನು ಅವರ ಮುಂದಿಟ್ಟಳು, ನೋಡ್ರೀ, ಬೆಳಕಿಗೆ ಹಿಡಿದು ನೋಡ್ರೀ. ವಕೀಲರು ಹಿಡಿದರು, ಕನ್ನಡಕ ಏರಿಸಿದರು, ಏನೂ ಕಾಣ್ತಿಲ್ವಲ್ಲ, ಎಷ್ಟು ಸ್ವಚ್ಛವಾಗಿದೆ ಅಂದರು. ಗುಳಿಗೆ ಅಳುತ್ತಿದ್ದಾಳೆ, ಅಳು ಕಣೇ, ಸದ್ದು ಮಾಡಿ ಅಳು, ಬಾಗಿಲು ಬಡಿದರೆ ಬೀಳುವ ಆ ಕೂಸುಗಳಿಗೆ ಏನು ಬರೆಯಲಿ ಹೇಳಿ ಅಳು, ಏನೂ ಕಾಣ್ತಿಲ್ಲ ಅನ್ನುತ್ತಾರೆ ವಕೀಲರು ಮತ್ತೊಮ್ಮೆ, ಸೀಸೆ ತಿರುಗಿಸುತ್ತಾರೆ, ಗಂಜಿಯ ಮೇಲೆ ಬೆಳಕು ಬೀಳುತ್ತದೆ, ಹಳದಿ, ನುಣುಪು, ಸುರಿದ ದಿನದ ಹಾಗೇ, ಒಂದು ಗೆರೆಯಿಲ್ಲ, ತಿರುಗಿಸುತ್ತಾರೆ, ಹಳದಿ, ನುಣುಪು, ಒಂದೇ ಒಂದು ಗೆರೆಯೂ