ಇಚ್ಛೆ ಲಗತ್ತಿಸಿಲ್ಲ

ನೀರು ಸರಬರಾಜು ಇಲಾಖೆಯ ಮೂರನೆಯ ಕಿಟಕಿಯ ಹಿಂದೆ ಆಕೆ ಇಪ್ಪತ್ತೆಂಟು ವರ್ಷ ಗುಮಾಸ್ತೆಯಾಗಿ ಕುಳಿತಿದ್ದಳು. ಹೊಸ ನಲ್ಲಿಗೆ ಅರ್ಜಿ ತಂದವರನ್ನು ನಿಲ್ಲಿಸಿಕೊಂಡು, ಕಾಗದಗಳನ್ನು ಅಲ್ಲಿಯೇ ಓದಿ, ಬಿಟ್ಟುಹೋದದ್ದನ್ನು ಅಲ್ಲಿಯೇ ಬರೆಸಿ, ಆಮೇಲೆ ಕಡತ ಕಟ್ಟುವಳು. ಆದ್ದರಿಂದ ಆಕೆಯ ಕಡತ ಮಹಡಿಯ ಮೇಲಿನ ಸಾಹೇಬರ ಕೋಣೆಗೆ ಒಮ್ಮೆ ಹೋಗಿ ಒಮ್ಮೆ ಬರುತ್ತಿತ್ತು. ಪಕ್ಕದ ಮೇಜಿನವನಿಗೆ ಕಚೇರಿ ಇಟ್ಟ ಹೆಸರು ಕೊಕ್ಕೆರಾಯ. ಅವನು ಒಂದೊಂದು ಕಡತಕ್ಕೂ ದಿನಕ್ಕೆ ಒಂದೇ ಕೊಕ್ಕೆ ಹಾಕುತ್ತಿದ್ದ: ಇಂದು ಸಹಿ ಇಲ್ಲ, ನಾಳೆ ನಕ್ಷೆ ಇಲ್ಲ, ನಾಡಿದ್ದು ನಕ್ಷೆಗೆ ಸಹಿ ಇಲ್ಲ.

ಸಿಬ್ಬಂದಿ ಕಡಿತದ ಸಮಿತಿ ಬಂದಿತು. ಕೆಲಸವನ್ನು ಅಳೆಯಲು ಅದು ವರ್ಷದ ಚಲನವಹಿ ತರಿಸಿ, ಕಡತ ಮೇಜಿನಿಂದ ಹೋದದ್ದನ್ನೂ ಬಂದದ್ದನ್ನೂ ಎಣಿಸಿತು. ಆಕೆ ಮುಗಿಸಿದ ಕಡತ ನಾನೂರ ಹನ್ನೆರಡು. ಚಲನೆ ಎಂಟುನೂರ ಇಪ್ಪತ್ತನಾಲ್ಕು. ಕೊಕ್ಕೆರಾಯ ಮುಗಿಸಿದ್ದು ನೂರ ಮೂರು. ಚಲನೆ ಸಾವಿರದ ಇನ್ನೂರ ಮೂವತ್ತಾರು. ಚಲನೆ ಸಾವಿರಕ್ಕಿಂತ ಕಡಿಮೆಯಾದ ಹುದ್ದೆ ಹೆಚ್ಚುವರಿ ಎಂದು ಸಮಿತಿ ಬರೆಯಿತು. ನಾಲ್ಕು ಪಟ್ಟು ಕೆಲಸ ಮಾಡಿದವಳು ಬೇಡವಾದಳು. ಗುಣಾಕಾರ ಬಲ್ಲ ಏಳು ಮಂದಿ ಅದಕ್ಕೆ ಸಹಿ ಹಾಕಿದ್ದರು.

ಸಾಹೇಬರು ಕರೆಸಿದರು. “ಮೇಡಂ, ಸ್ವಯಂ ನಿವೃತ್ತಿ ಅರ್ಜಿ. ಎಲ್ಲ ತುಂಬಿಸಿಟ್ಟಿದೀವಿ, ನಿಮ್ಮದೊಂದು ಸಹಿ ಸಾಕು. ಆರಾಮಾಗಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಿ.”

“ನನಗಿನ್ನೂ ಐವತ್ತೊಂದು ಸಾರ್. ಮಗಳು ಕಾಲೇಜಲ್ಲಿದಾಳೆ. ಮೊಮ್ಮಕ್ಕಳನ್ನ ಯಾವ ಇಲಾಖೆಯಿಂದ ತರಿಸ್ಲಿ?”

ಸಹಿ ಹಾಕದೆ ಅರ್ಜಿಯನ್ನು ಮನೆಗೆ ತಂದಳು. ದರ್ಜಿಯಾದ ಗಂಡ ಓದಿ ಕೆಂಡವಾದ. “ಕತ್ತು ಬಗ್ಗಿಸಿ ದುಡಿದವಳನ್ನ ಕತ್ತು ಹಿಡಿದು ಆಚೆಗೆ ದಬ್ತಾರಾ? ನೀನು ಆ ಕೊಕ್ಕೆರಾಯನ ಹತ್ರ ಪಾಠಕ್ಕೆ ಹೋಗ್ಬೇಕಿತ್ತು ಕಣೇ!”

ಆಕೆ ಅರ್ಜಿಯನ್ನು ಮಡಿಸಿ ಚೀಲಕ್ಕಿಟ್ಟಳು. ಮರುದಿನ ಬೆಳಿಗ್ಗೆ ಆ ಅರ್ಜಿಯನ್ನು ಚಲನವಹಿಯಲ್ಲಿ ದಾಖಲಿಸಿ, ಅಂಚಿನಲ್ಲಿ ದುಂಡಗೆ ಬರೆದಳು: ‘ಸ್ವ ಇಚ್ಛೆಯಿಂದ ಎಂದಿದೆ. ಇಚ್ಛೆ ಲಗತ್ತಿಸಿಲ್ಲ. ಆಕ್ಷೇಪಣೆಯೊಂದಿಗೆ ವಾಪಸ್.’

ಮಧ್ಯಾಹ್ನ ಅದು ಕೆಳಗೆ ಬಂದಿತು: ‘ಇಚ್ಛೆ ಇದೆಯೆಂದು ಭಾವಿಸತಕ್ಕದ್ದು.’ ಆಕೆ ಬರೆದಳು: ‘ಭಾವಿಸಿದವರ ಹೆಸರು, ಹುದ್ದೆ ನಮೂದಿಸಿಲ್ಲ.’ ಹೆಸರು ಬರೆಯಲು ಮೇಲೆ ಯಾರಿಗೂ ಧೈರ್ಯವಾಗಲಿಲ್ಲ. ಮೂರನೆಯ ದಿನ ಅದು ‘ತುರ್ತು’ ಎಂಬ ಚೀಟಿಯೊಂದನ್ನೇ ಹೊತ್ತು ಬಂದಿತು.

ಕೊಕ್ಕೆರಾಯ ಕುರ್ಚಿ ಎಳೆದುಕೊಂಡು ಬಂದ. “ಅಕ್ಕಾ, ಕೊನೆಗೂ ಕೆಲಸ ಕಲಿತಿರಿ! ಹೀಗೇ ನಡೆದರೆ ಸಾವಿರ ದಾಟ್ತೀರ.”

“ನಿನ್ನ ವಿದ್ಯೆ ನನ್ನ ಈ ಒಂದು ಕಡತಕ್ಕೆ ಸಾಕಪ್ಪ. ಜನರ ಕಡತಕ್ಕೆ ಬೇಡ.”

ಕಿಟಕಿಯಾಚೆ ಮುದುಕಿಯೊಬ್ಬಳು ಸಹಿಯಿಲ್ಲದ ಅರ್ಜಿ ಹಿಡಿದು ನಿಂತಿದ್ದಳು. ಆಕೆ ಕಂಬಿಯ ಕೆಳಗಿನಿಂದ ಪೆನ್ನು ಸರಿಸಿದಳು. “ಇಲ್ಲಿ ಹಾಕಿ ಅಜ್ಜಿ. ಮತ್ತೆ ಬರೋದೇನೂ ಬೇಡ.”

ಆ ಅರ್ಜಿ ಒಮ್ಮೆ ಮೇಲೆ ಹೋಗಿ, ಮಂಜೂರಾಗಿ, ಒಮ್ಮೆ ಕೆಳಗೆ ಬಂದಿತು. ಅದರ ಜೊತೆಗೇ ಹೋದ ನಿವೃತ್ತಿ ಅರ್ಜಿಗೆ ಅದು ಮೂರನೆಯ ಸಲ. ‘ತುರ್ತಿಗೆ ಕಾರಣ ತಿಳಿಸಿಲ್ಲ’ ಎಂದು ಆಕೆ ಬರೆದ ಸಾಲಿನ ಕೆಳಗೆ, ಆಕೆಯ ಸಹಿಯ ಜಾಗ ಖಾಲಿಯಾಗಿತ್ತು.